ತುಂಬೆ ಸೊಪ್ಪು ಪೋಲೆಂಡಿಗೆ ಹೋದದ್ದು

ತೋವಿನಕೆರೆ

ನನಗೆ ಅನುಮಾನ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ನಮ್ಮ ಮನೆಯವರು ಹೇಳುತ್ತಾರೆ. ತರಕಾರಿಯವನ ತಕ್ಕಡಿ, ಬಸ್ಸಿನ ಬೋರ್ಡು, ಮದುವೆ ಮನೆಯ ಪಾಯಸ, ಯಾವುದನ್ನೂ ಎರಡು ಸಲ ನೋಡದೆ ನಂಬಿದವಳಲ್ಲ. ಮಧುಗಿರಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಹೇಳುತ್ತೇನೆ. ಕಾಪಿ ಹೊಡೆಯುವವರನ್ನು ಅವರ ಕಿವಿ ಕೆಂಪಾಗುವುದರಲ್ಲೇ ಹಿಡಿಯುತ್ತೇನೆ ಅಂತ ಹುಡುಗರ ಮಧ್ಯೆ ಹೆಸರಿದೆ. ಇಂಥವಳಿಗೆ ಪೋಲೆಂಡ್ ದೇಶದ ಕ್ರಾಕೋವ್ ಎಂಬ ಊರಿಗೆ ತರಬೇತಿಗೆ ಬನ್ನಿ ಅಂತ ಕರೆ ಬಂದಾಗ ನಾನು ಮಾಡಿದ ಮೊದಲ ಕೆಲಸ, ಅದು ನಿಜವೋ ಮೋಸವೋ ಅಂತ ಕಂಡಕಂಡವರಿಗೆಲ್ಲ ತೋರಿಸಿದ್ದು. ನಿಜವೇ ಆಗಿತ್ತು. ಗಿಡಗಳ ಬೂಜು ರೋಗಗಳನ್ನು ಗುರುತಿಸುವುದು ಹೇಗೆಂದು ಅಲ್ಲಿಯ ವಿಜ್ಞಾನಿಗಳು ಕಲಿಸುತ್ತಾರಂತೆ. ನಿಮ್ಮೂರಿನ ಕಾಡುಗಿಡವೊಂದರ ರೋಗ ಹಿಡಿದ ಎಲೆ ಒಣಗಿಸಿ ತನ್ನಿ, ಇಲ್ಲೇ ನೋಡೋಣ ಅಂದಿದ್ದರು.

ಎಲೆಗೆ ನಾನು ಹುಡುಕಿಕೊಂಡು ಹೋಗಬೇಕಿರಲಿಲ್ಲ. ನಮ್ಮ ಅಕ್ಕ ಗಂಗಮ್ಮನ ಹೊಲದ ಬದುವಿನಲ್ಲಿ ಅದೇ ಎಲೆಗಾಗಿ ಜಗಳ ನಡೆಯುತ್ತಿತ್ತು.

ಅಕ್ಕನನ್ನು ಕೊಟ್ಟಿರುವುದು ಕೊರಟಗೆರೆ ತಾಲೂಕಿನ ತೋವಿನಕೆರೆಗೆ. ಭಾವ ಹೋದ ಮೇಲೆ ಹೊಲ ಅವಳೊಬ್ಬಳ ಕೈಯಲ್ಲೇ ನಡೆಯುತ್ತಿದೆ. ಬದುವಿನ ಉದ್ದಕ್ಕೂ ತುಂಬೆ ಗಿಡ. ಉಳಿದವರು ಕಳೆ ಅಂತ ಕಿತ್ತು ಬಿಸಾಡುತ್ತಾರೆ, ಇವಳು ಮುಟ್ಟಗೊಡುವುದಿಲ್ಲ. ಬೆಳಿಗ್ಗೆ ಎದ್ದು ಈಶ್ವರನ ಗುಡಿಗೆ ಒಂದು ಬೊಗಸೆ ತುಂಬೆ ಹೂ ಕೊಡುವುದು ಅವಳ ನೇಮ. ಅದರ ಜೊತೆಗೆ ಬದುವಿನ ತುದಿಯಲ್ಲಿ ಅವಳ ಜೇನುಪೆಟ್ಟಿಗೆಗಳಿವೆ. ಆ ಹುಳಗಳಿಗೂ ತುಂಬೆ ಅಂದರೆ ಪ್ರಾಣ.

ಬದುವಿನ ಆಚೆ ಈರಣ್ಣನ ಹೊಲ. ಭಾವನಿಗೆ ದಾಯಾದಿ. ಹಾರಕ್ಕೆ ಸೇರಿಸುವ ಕಾಮಕಸ್ತೂರಿ ಬೆಳೆಯುತ್ತಾನೆ. ಈ ಸಲ ಅದರ ಎಲೆ ಹಳದಿ ತಿರುಗಿ, ಅಡಿಯಲ್ಲಿ ಕಂದು ಬೂದು ಬಣ್ಣದ ಬೂಜು ಕೂತು, ಹೂವಿನ ಮಂಡಿಯವರು ಬೇಡವೇ ಬೇಡ ಅಂದರು. ತಲೆ ಕೆಟ್ಟವನು ಬದುವಿಗೆ ಬಂದು ತುಂಬೆ ಎಲೆ ಮಗುಚಿ ನೋಡಿದ್ದಾನೆ. ಅಲ್ಲೂ ಬೂಜು.

ನಾನು ಹೋದ ದಿನ ಎರಡೂ ಎಲೆ ಅಂಗೈ ಮೇಲಿಟ್ಟು ತೋರಿಸಿದ. "ನೀನು ಓದ್ದೋಳು, ನೀನೇ ಏಳು. ನಿಮ್ಮಕ್ಕನ ತುಂಬೆಯಿಂದ್ಲೇ ನನ್ ಬೆಳೆ ಆಳಾಗಿರೋದು ಕಣಮ್ಮ. ಬದುವಿಗೆ ಔಷ್ದಿ ಹೊಡ್ದು ಸುಟ್ಬುಡ್ತೀನಿ ಅಂದ್ರೆ ಈಯಮ್ಮ ಅಡ್ಡ ನಿಂತ್ಕಂತಾಳೆ."

"ಓಡಿ ಬಂದು ಅಂಟ್ಕಳಕ್ಕೆ ತುಂಬೆಗೇನು ಕಾಲೈತಾ?" ಅಂದಳು ಅಕ್ಕ. "ನಿನ್ ಔಷ್ದಿಗೆ ನನ್ ಜೇನು ಉಳೀತದಾ?"

ಮಸೂರದಲ್ಲಿ ನೋಡಿದೆ. ಎರಡೂ ಒಂದೇ ಥರ ಕಂಡವು. ತುಂಬೆ, ತುಳಸಿ, ಕಾಮಕಸ್ತೂರಿ ಎಲ್ಲ ಒಂದೇ ಕುಲದವು ಬೇರೆ. ಈರಣ್ಣ ಹೇಳುವುದೇ ನಿಜವಿರಬೇಕು ಅಂತ ನನ್ನ ಒಳಮನಸ್ಸು ಹೇಳಿತು. ಅದು ನನ್ನ ಮುಖದಲ್ಲಿ ಕಂಡಿತೋ ಏನೋ, ಅಕ್ಕ ಸೆರಗು ಕೊಡವಿಕೊಂಡು ಒಳಗೆ ಹೋದಳು.

ಪೋಲೆಂಡಿನಲ್ಲಿ ಇದನ್ನು ಪರೀಕ್ಷೆ ಮಾಡಿಸುತ್ತೇನೆ, ಅಲ್ಲಿಯವರೆಗೆ ಬದು ಮುಟ್ಟಬೇಡ ಅಂತ ಈರಣ್ಣನನ್ನು ಕೇಳಿಕೊಂಡೆ. ಅವನು ಬಹಳ ಹೊತ್ತು ಮೀಸೆ ತಿರುವಿದ. "ಆಗ್ಲಿ. ನೀನು ಬರೋಗಂಟ ಕಾಯ್ತೀನಿ. ಅದೇ ರೋಗ ಅಂತ ಗೊತ್ತಾದ್ರೆ ಆಮ್ಯಾಕೆ ಯಾರ್ ಮಾತೂ ಕೇಳಕಿಲ್ಲ" ಅಂದ. ನಾನು ತಲೆಯಾಡಿಸಿದೆ. ಕಾಯುತ್ತಾನೆ ಅಂತ ಒಂದಿಷ್ಟೂ ನಂಬಲಿಲ್ಲ.

ಎಲೆ ಪರದೇಶಕ್ಕೆ ಒಯ್ಯಲು ಬೇಕಾದ ಅನುಮತಿಯನ್ನು ಕಾಲೇಜಿನವರು ಮಾಡಿಸಿಕೊಟ್ಟರು. ಪರೀಕ್ಷೆ ಕೆಲಸ ಬಿಟ್ಟು ಮತ್ತೆ ತೋವಿನಕೆರೆಗೆ ಹೋಗಲು ನನಗೆ ಪುರುಸೊತ್ತಾಗಲಿಲ್ಲ. ಎಲೆಯನ್ನು ಪೇಪರಿನ ಮಧ್ಯೆ ಇಟ್ಟು ರುಬ್ಬುಗುಂಡು ಹೇರಿ ಒಣಗಿಸು ಅಂತ ಅಕ್ಕನಿಗೆ ಫೋನಿನಲ್ಲೇ ಹೇಳಿದೆ. ಅವಳು ಹಾಗೇ ಮಾಡಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಟ್ಟು ಕಳಿಸಿದಳು. ಜೊತೆಗೆ ಮುತ್ತುಗದ ಎಲೆಯಲ್ಲಿ ಕಟ್ಟಿದ ಪ್ರಸಾದವೂ ಇತ್ತು. ಈರಣ್ಣ ಮಾತ್ರ ತನ್ನ ಕಾಮಕಸ್ತೂರಿ ಎಲೆಯನ್ನು ತಾನೇ ಒಣಗಿಸಿ, ಸುತ್ತಲೂ ಹುರಿ ಬಿಗಿದು, ಗಂಟಿನ ಮೇಲೆ ಗಂಟು ಹಾಕಿ, ಮಧುಗಿರಿ ಬಸ್ ಸ್ಟ್ಯಾಂಡಿಗೆ ಬಂದು ನನ್ನ ಕೈಗೇ ಕೊಟ್ಟ. "ದಾರೀಲಿ ಬಿಚ್ಬ್ಯಾಡ. ಅಲ್ಲೋಗಿ ಅವರ ಮುಂದೇನೇ ಬಿಚ್ಚು" ಅಂದ. ಅಬ್ಬಾ, ನನಗಿಂತ ಅನುಮಾನದವನು ಒಬ್ಬನಾದರೂ ಇದ್ದಾನಲ್ಲ ಅಂತ ಸಮಾಧಾನವಾಯಿತು.

ಕ್ರಾಕೋವ್ ವಿಮಾನ ನಿಲ್ದಾಣ

ಶಿರಾದ ಪರ್ವೀನ್ ನಮ್ಮ ಕಾಲೇಜಿನಲ್ಲಿ ನನ್ನ ಜೊತೆ ಕೆಲಸ ಮಾಡುವವಳು. "ಅಲ್ಲಿ ಎಲ್ಲರ ಮೇಲೂ ಶಕ್ ಪಡ್ಬೇಡಿ ಮೇಡಂ, ಮರ್ಯಾದೆ ಹೋಗುತ್ತೆ" ಅಂತ ಹೇಳಿ ಕಳಿಸಿದ್ದಳು. ಪೋಲೆಂಡಿನಲ್ಲಿ ಇಳಿದ ಮೇಲೆ ನೋಡಿದರೆ ಶಕ್ ಪಡುವ ಕೆಲಸವನ್ನು ಅವರೇ ಶುರು ಮಾಡಿದ್ದರು.

ಸುಂಕದ ಅಧಿಕಾರಿ ಎಳೆ ಪ್ರಾಯದವನು, ರೆಪ್ಪೆಗಳೂ ಬೆಳ್ಳಗೆ. ಎಲೆಯ ಕಟ್ಟುಗಳನ್ನೂ ಕಾಗದಗಳನ್ನೂ ನೋಡಿ ಸುಮ್ಮನಾದ. ಮುತ್ತುಗದ ಪೊಟ್ಟಣ ಕಂಡಕೂಡಲೇ ಹುಬ್ಬು ಮೇಲಕ್ಕೆ ಹೋಯಿತು. ಬಿಚ್ಚಿಸಿದ. ಒಳಗೆ ಒಣಗಿದ ತುಂಬೆಯ ಕುಡಿಗಳು, ಅದರ ಮೇಲೆ ಒಂದು ಚಿಟಿಕೆ ಬಿಳಿ ಪುಡಿ.

"ಇದೇನು?"

"ಬೂದಿ. ದೇವರದು."

"ಯಾವುದರ ಬೂದಿ?"

ಸಗಣಿ ಅನ್ನುವುದಕ್ಕೆ ನಾನು ಇಂಗ್ಲಿಷಿನಲ್ಲಿ ಹೇಳಿದ ಪದವನ್ನು ಕೇಳಿ ಅವನು ಇನ್ನೊಬ್ಬನನ್ನು ಕರೆದ. ಅವನು ಬಂದು ಮೂಸಿದ. ಮೂರನೆಯವಳು ಬಂದು ವಿಭೂತಿಯನ್ನು ಪಟ್ಟಿಯೊಂದಕ್ಕೆ ಒರೆಸಿ ಯಂತ್ರದೊಳಗೆ ಹಾಕಿದಳು. ಹಿಂದೆ ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಶಿವ ಶಿವಾ, ಅಕ್ಕನ ಭಕ್ತಿ ನನ್ನನ್ನು ಜೈಲಿಗೆ ಕಳಿಸುತ್ತದಲ್ಲಪ್ಪ ಅಂತ ಮೈ ಬೆವರಿತು. ಯಂತ್ರ ಏನೂ ಇಲ್ಲ ಅಂದಿತು. ಆದರೂ ಆ ಬಿಳಿ ರೆಪ್ಪೆಯವನಿಗೆ ತೃಪ್ತಿಯಿಲ್ಲ. ಒಣಗಿದ ಗಿಡ ಅಂದರೆ ಒಣಗಿದ ಗಿಡವೇ, ಎಲ್ಲ ಒಟ್ಟಿಗೆ ಇರಲಿ ಅಂತ ಪ್ರಸಾದವನ್ನೂ ಎಲೆ ಕಟ್ಟುಗಳ ಚೀಲಕ್ಕೇ ಹಾಕಿ ಮೊಹರು ಒತ್ತಿ ಕೊಟ್ಟ. ಚೀಲವನ್ನು ಪ್ರಯೋಗಾಲಯದಲ್ಲೇ ಒಡೆಯಬೇಕಂತೆ. ದೇವರ ಹೂವನ್ನು ರೋಗದ ಎಲೆಯ ಜೊತೆ ಹಾಕಿದನಲ್ಲ, ಇವನ ಕೈ ಸೇದಿಹೋಗ ಅಂತ ಬೈದುಕೊಂಡೇ ಹೊರಗೆ ಬಂದೆ.

ಟ್ರ್ಯಾಮು

ಕ್ರಾಕೋವ್ ಚೆಂದದ ಊರು. ಹಳೆಯ ಇಗರ್ಜಿಯ ಗೋಪುರದಿಂದ ಗಂಟೆಗೊಂದು ಸಲ ಒಬ್ಬ ಕಹಳೆ ಊದುತ್ತಾನೆ, ರಾಗದ ನಡುವೆಯೇ ಥಟ್ಟನೆ ನಿಲ್ಲಿಸಿಬಿಡುತ್ತಾನೆ. ಮೊದಲ ಸಲ ಕೇಳಿದಾಗ ಅವನಿಗೆ ಏನೋ ಆಗಿರಬೇಕೆಂದು ಗಾಬರಿಯಾಗಿ ಮೇಲೆ ನೋಡುತ್ತ ನಿಂತೆ. ಅದು ಪದ್ಧತಿಯಂತೆ. ಯಾವುದೋ ಕಾಲದಲ್ಲಿ ಶತ್ರು ಬಂದದ್ದನ್ನು ಕಂಡು ಎಚ್ಚರಿಸುತ್ತಿದ್ದ ಕಾವಲುಗಾರನಿಗೆ ಬಾಣ ಬಿದ್ದು ಊದುವುದು ನಿಂತಿತಂತೆ, ಇವರು ಇವತ್ತಿಗೂ ಅಲ್ಲೇ ನಿಲ್ಲಿಸುತ್ತಾರೆ. ಕಥೆ ನಿಜವೋ ಅಲ್ಲವೋ, ಶತ್ರು ಬಂದಾನೆಂಬ ಅನುಮಾನವನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದ ಊರಿನ ಮೇಲೆ ನನಗೆ ಗೌರವ ಬಂತು.

ರಸ್ತೆ ದಾಟಲು ಕೆಂಪು ದೀಪವಿದ್ದರೆ ಒಂದು ವಾಹನವೂ ಇಲ್ಲದಿದ್ದರೂ ಜನ ನಿಂತೇ ಇರುತ್ತಾರೆ. ಮಧುಗಿರಿಯಲ್ಲಾದರೆ ಅಷ್ಟು ಹೊತ್ತಿಗೆ ನಾಲ್ಕು ಜನ, ಎರಡು ಹಸು, ಒಂದು ಟ್ರ್ಯಾಕ್ಟರ್ ದಾಟಿರುತ್ತಿದ್ದವು. ಟ್ರ್ಯಾಮಿನಲ್ಲಿ ಕಂಡಕ್ಟರೇ ಇಲ್ಲ. ಟಿಕೆಟ್ ನೀವೇ ಕೊಳ್ಳಬೇಕು. ಕೊಂಡೆ. ಯಾರಾದರೂ ಕಿತ್ತುಕೊಂಡಾರು ಅಂತ ರವಿಕೆಯೊಳಗೆ ಭದ್ರವಾಗಿ ಇಟ್ಟುಕೊಂಡೆ. ಎದುರಿಗೆ ಕೂತಿದ್ದ ದಪ್ಪ ಮನುಷ್ಯ ನನ್ನನ್ನೇ ನೋಡುತ್ತಿದ್ದ. ಇವನು ಕಳ್ಳನೇ ಸರಿ ಅಂತ ಚೀಲವನ್ನು ಎದೆಗೆ ಅವಚಿಕೊಂಡೆ. ಸ್ವಲ್ಪ ಹೊತ್ತಿಗೆ ಎದ್ದು ಬಂದು ಜೇಬಿನಿಂದ ಬಿಲ್ಲೆ ತೆಗೆದು ತೋರಿಸಿದ. ತಪಾಸಣೆಯವನು! ಟಿಕೆಟ್ ತೆಗೆದು ಕೊಟ್ಟೆ. ಹತ್ತಿದ ಕೂಡಲೇ ಅದನ್ನು ಅಲ್ಲಿದ್ದ ಯಂತ್ರದ ಬಾಯಿಗೆ ಕೊಟ್ಟು ಮುದ್ರೆ ಹಾಕಿಸಬೇಕಿತ್ತಂತೆ. ಹಾಕಿಸದ ಟಿಕೆಟ್ ಟಿಕೆಟ್ಟೇ ಅಲ್ಲವಂತೆ. ದಂಡ ಕಟ್ಟಿದೆ. ಅಷ್ಟು ಜೋಪಾನ ಮಾಡಿದ್ದೇ ತಪ್ಪಾಯಿತು.

ಪ್ರಯೋಗಾಲಯ

ನನಗೆ ಕಲಿಸಲು ಒಪ್ಪಿದ್ದವರು ಬಾರ್ಬರಾ ಎಂಬ ವಿಜ್ಞಾನಿ. ನರೆತ ಕೂದಲನ್ನು ಪೆನ್ಸಿಲ್ಲಿನಿಂದ ಗಂಟು ಹಾಕಿಕೊಂಡಿದ್ದ, ನಗುವನ್ನು ಅಳೆದು ಖರ್ಚು ಮಾಡುವ ಹೆಂಗಸು. ಜೀವಮಾನವೆಲ್ಲ ಬೂಜು ನೋಡಿದವರು. ಅವರ ಬೀರುಗಳಲ್ಲಿ ಲೋಕದ ಎಲ್ಲ ಮೂಲೆಯ ಒಣಗಿದ ಎಲೆಗಳು ಲಕೋಟೆಯೊಳಗೆ ಮಲಗಿದ್ದವು. ನಮ್ಮ ಎಲೆಯನ್ನೂ ಇವರು ಇಟ್ಟುಕೊಂಡು, ಹೊಸದೇನಾದರೂ ಸಿಕ್ಕರೆ ತಮ್ಮ ಹೆಸರು ಹಾಕಿಕೊಂಡುಬಿಟ್ಟರೆ? ಕೇಳಿಯೇಬಿಟ್ಟೆ. ಅವರಿಗೆ ಕೋಪ ಬರಲಿಲ್ಲ.

"ಅನುಮತಿ ನಿಮ್ಮ ದೇಶದ್ದು, ಎಲೆ ನಿಮ್ಮದು. ಏನೇ ಬರೆದರೂ ನಿಮ್ಮನ್ನು ಕೇಳದೆ ಬರೆಯುವುದಿಲ್ಲ. ಮೊದಲು ಏನಿದೆ ನೋಡೋಣವೇ?" ಅಂದರು.

ಮೊಹರು ಒಡೆದು ಪ್ರಸಾದದ ಪೊಟ್ಟಣವನ್ನು ಖಾಸಗಿ ಸಾಮಾನು ಅಂತ ಕಿಟಕಿಯ ಮೇಲಿಟ್ಟರು. ಈರಣ್ಣನ ಗಂಟು ಬಿಚ್ಚಲಿಕ್ಕಾಗದೆ ಕತ್ತರಿ ತಂದರು. ಎಲೆಯ ಅಡಿಗೆ ಅಂಟುಪಟ್ಟಿ ಒತ್ತಿ, ಎತ್ತಿ, ಗಾಜಿನ ಮೇಲೆ ಒಂದು ಹನಿ ದ್ರವ ಹಾಕಿ ಸೂಕ್ಷ್ಮದರ್ಶಕದಲ್ಲಿಟ್ಟರು. ನನಗೂ ತೋರಿಸಿದರು. ಎಲೆ ಉದುರಿದ ಜಾಲಿ ಮರಗಳ ಹಾಗೆ ಕವಲು ಕವಲಾದ ಕಡ್ಡಿಗಳು, ಅವುಗಳ ಸುತ್ತ ಚೆಲ್ಲಿದ, ಬೂಜು ಹರಡುವ ಕಂದು ಬೀಜಕಗಳು. ಕಾಮಕಸ್ತೂರಿಯ ಬೂಜು ಇದೇ, ಇದು ಪೋಲೆಂಡಿನ ತೋಟಗಳಲ್ಲೂ ಇದೆ ಅಂದರು.

ಆಮೇಲೆ ಅಕ್ಕನ ತುಂಬೆ. ಒಂದು ಎಲೆ ನೋಡಿದರು. ಇನ್ನೊಂದು. ಮತ್ತೊಂದು.

"ಇದರಲ್ಲಿ ಏನೂ ಇಲ್ಲ" ಅಂದರು.

"ಹೇಗೆ ಸಾಧ್ಯ? ನಾನೇ ಮಸೂರದಲ್ಲಿ ನೋಡಿದ್ದೇನೆ."

"ರೋಗದ ಕಲೆ ಇದೆ. ಅದನ್ನು ತಂದವರ ಗುರುತಿಲ್ಲ. ಒಂದು ಕಡ್ಡಿ ಇಲ್ಲ, ಒಂದು ಬೀಜಕ ಇಲ್ಲ. ತಾನಾಗಿ ಇಷ್ಟು ಶುದ್ಧವಾಗುವುದಿಲ್ಲ." ಕನ್ನಡಕ ಹಣೆಗೇರಿಸಿ ನನ್ನ ಮುಖ ನೋಡಿದರು. "ಈ ಗಿಡ ತಪ್ಪಿತಸ್ಥ ಅಲ್ಲ ಅಂತ ಆಗಬೇಕೆಂದು ಯಾರಿಗಾದರೂ ಆಸೆ ಇತ್ತೇ?"

ಈರಣ್ಣನ ಎಲೆಯಲ್ಲಿ ಬೂಜು ತುಂಬಿ ತುಳುಕುತ್ತಿದೆ. ಅಕ್ಕನ ಎಲೆ ಕನ್ನಡಿಯಷ್ಟು ಚೊಕ್ಕಟ. ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಇಲ್ಲ, ನಮ್ಮ ಅಕ್ಕ ಅಂಥವಳಲ್ಲ ಅಂತ ಗಟ್ಟಿಯಾಗಿ ಹೇಳಿದೆ. ಹೇಳುವಾಗಲೇ ನನ್ನ ದನಿ ನನಗೇ ಸುಳ್ಳು ಅನ್ನಿಸಿತು. ಬೇರೆ ಎಲೆ ಆರಿಸಿ ಕಳಿಸಿದಳೇ? ಒರೆಸಿ ಕಳಿಸಿದಳೇ? ತಂಗಿ ತನ್ನ ಕಡೆ ನಿಲ್ಲುವುದಿಲ್ಲ ಅಂತ ಅವತ್ತೇ ತಿಳಿದುಹೋಗಿ ತನ್ನ ದಾರಿ ತಾನು ನೋಡಿಕೊಂಡಳೇ? ಬಾರ್ಬರಾ ಆ ಎಲೆಗಳನ್ನು ಪಕ್ಕಕ್ಕೆ ಸರಿಸಿದರು. ಏನೂ ಇಲ್ಲದ ಎಲೆ ಇಟ್ಟುಕೊಂಡು ಊರಿಗೆ ಹೋದರೆ ಈರಣ್ಣನ ಔಷಧಿ ಪಂಪು ನಿಲ್ಲುವುದಿಲ್ಲ. ಅಕ್ಕನ ಬದು ಹೋಯಿತು, ಜೇನು ಹೋಯಿತು ಅಂತ ಖಚಿತವಾಯಿತು. ಅಕ್ಕನ ಮೇಲೆ ಸಿಟ್ಟೂ ಬಂತು.

ಬಾರ್ಬರಾ ಮನೆಯ ಹೊಸ್ತಿಲು

ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ ಅಂದರು. ಬರಿಗೈಯಲ್ಲಿ ಹೋಗುವುದು ಹೇಗೆ? ಹೂ ಕೊಳ್ಳಲು ನಿಂತೆ. ಆರು ಗುಲಾಬಿ ಸಾಕು ಅಂದೆ. ಅಂಗಡಿಯ ಅಜ್ಜಿ ಎಣಿಸಿ, ತಲೆ ಅಲ್ಲಾಡಿಸಿ, ಇನ್ನೊಂದನ್ನು ಸೇರಿಸಿದಳು. ತೆಗೆದಿಟ್ಟೆ. ಮತ್ತೆ ಸೇರಿಸಿದಳು. ಆಹಾ, ಎಲ್ಲ ಊರಿನ ಸಂತೆಯೂ ಒಂದೇ, ಒಂದು ಹೆಚ್ಚಿಗೆ ತಗುಲಿಸುವ ಉಪಾಯ! ನಾನು ಬಿಡುವವಳೇ? ಆರನ್ನೇ ಹಿಡಿದುಕೊಂಡು ಗೆದ್ದವಳ ಹಾಗೆ ಹೊರಟೆ.

ಬಾರ್ಬರಾ ಬಾಗಿಲು ತೆಗೆದರು. ನಾನು ಹೊಸ್ತಿಲಾಚೆಯಿಂದಲೇ ಕೈ ಚಾಚಿದೆ. ಅವರು ಕೈ ಕೊಡದೆ ಹಿಂದೆ ಸರಿದರು. ಸರಿ, ಎಲೆಯ ಮೋಸಕ್ಕೆ ಇನ್ನೂ ಮುನಿಸು ಅಂದುಕೊಂಡೆ. ಆದರೆ ಒಳಗೆ ಬನ್ನಿ ಬನ್ನಿ ಅಂತ ಎಳೆದುಕೊಂಡು, ಹೊಸ್ತಿಲು ದಾಟಿದ ಮೇಲೆ ಎರಡೂ ಕೈ ಹಿಡಿದರು. ಹೊಸ್ತಿಲ ಮೇಲೆ ಕೈ ಕೊಟ್ಟರೆ ಜಗಳವಾಗುತ್ತದೆ ಅಂತ ಅವರಲ್ಲಿ ನಂಬಿಕೆಯಂತೆ. ನಮ್ಮಮ್ಮನೂ ಹೊಸ್ತಿಲ ಮೇಲೆ ನಿಂತು ಏನನ್ನೂ ಕೊಡಗೊಡುತ್ತಿರಲಿಲ್ಲ. ಚಪ್ಪಲಿ ಕಳಚಿದ್ದಕ್ಕೆ ಮನೆಯೊಳಗೆ ಹಾಕಿಕೊಳ್ಳಲು ಬೇರೆ ಮೆತ್ತನೆಯ ಚಪ್ಪಲಿ ಕೊಟ್ಟರು. ಹೂ ತೆಗೆದುಕೊಂಡವರೇ ಕಣ್ಣಲ್ಲೇ ಎಣಿಸಿ, ಒಂದನ್ನು ಸದ್ದಿಲ್ಲದೆ ಬೇರೆ ಲೋಟಕ್ಕೆ ಹಾಕಿದರು. ಸರಿಸಂಖ್ಯೆಯ ಹೂ ಇಲ್ಲಿ ಸತ್ತವರಿಗಂತೆ! ಅಂಗಡಿಯ ಅಜ್ಜಿ ಪಾಪ, ನನ್ನ ಮಾನ ಉಳಿಸಲು ಹೆಣಗಿದ್ದಳು. ನಾಚಿಕೆಯಿಂದ ನನಗೆ ಕೂರಲೂ ಆಗಲಿಲ್ಲ.

ಅಡುಗೆಮನೆಯಲ್ಲಿ ಅಣಬೆಯನ್ನು ಸರ ಪೋಣಿಸಿ ಒಣಗಲು ಕಟ್ಟಿದ್ದರು. ಮೇಜಿನ ಮೇಲೆ ಆಗತಾನೇ ಕಾಡಿನಿಂದ ತಂದ ಅಣಬೆ ಒಂದು ಬುಟ್ಟಿ. ನಮ್ಮಲ್ಲೂ ಗುಡುಗಿದ ಮೇಲೆ ಹುತ್ತದ ಬದಿಯಲ್ಲಿ ಏಳುವ ಅಣಬೆ ತರುತ್ತಾರೆ, ಆದರೆ ಗುರುತಿದ್ದವರು ತಂದರೆ ಮಾತ್ರ ನಾನು ತಿನ್ನುವುದು. ಬಾರ್ಬರಾ ಕುಂಚವೊಂದರಿಂದ ಒಂದೊಂದನ್ನೇ ಗುಡಿಸುತ್ತ, ಚಾಕುವಿನಿಂದ ಕೆರೆಯುತ್ತ ಬಾಣಲೆಗೆ ಹಾಕುತ್ತಿದ್ದರು. ಮಣ್ಣು, ಪೈನ್ ಮರದ ಸೂಜಿ ಎಲೆ, ಎಲ್ಲ ಅಂಟಿಕೊಂಡಿದೆ. ನನಗೆ ತಡೆಯಲಾಗಲಿಲ್ಲ.

"ತೊಳೆಯುವುದಿಲ್ಲವೇ?"

"ಅಣಬೆಯನ್ನು ತೊಳೆಯುವುದೇ? ನೀರು ತಾಗಿದರೆ ಇದ್ದದ್ದೆಲ್ಲ ಹೊರಟುಹೋಗುತ್ತದೆ."

ನನ್ನ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು. ಅವರನ್ನು ಕೇಳಿ ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದೆ. ಊರಿನಲ್ಲಿ ಸಂಜೆ, ಹಿಂದೆ ಹಸುವಿನ ಕೊರಳ ಗಂಟೆ ಕೇಳುತ್ತಿತ್ತು.

"ಅಕ್ಕ, ಆ ತುಂಬೆ ಎಲೇನ ಏನು ಮಾಡಿ ಕಳಿಸಿದೆ?"

"ನೀನೇಳ್ದಂಗೇ ಮಾಡ್ದೆ. ಕಿತ್ತೆ, ತೊಳ್ದೆ, ಪೇಪರ್ನಾಗೆ ಇಟ್ಟೆ."

"ತೊಳೆದೆಯಾ?"

"ಊಂ ಕಣೇ. ಇನ್ನೇನು, ಮಣ್ಣು ಮೆತ್ಕಂಡಿರೋ ಸೊಪ್ಪನ್ನ ಪರದೇಶದೋರ ಮನೆಗೆ ಕಳಿಸಕ್ಕಾಗುತ್ತಾ? ಅದ್ರಾಗೆ ಬೂಜು ಬ್ಯಾರೆ. ನಮ್ ಮರ್ವಾದೆ ಏನಾಗ್ಬೇಕು? ಅರಿಸ್ನದ ನೀರಾಗೆ ಎರಡು ದಪ ಜಾಲಿಸ್ದೆ. ಒಂದೊಂದೇ ಎಲೆ ಬೆಳ್ಳಲ್ಲಿ ಉಜ್ದೆ. ಚೆನ್ನಾಗಿತ್ತಾ?"

ಅಲ್ಲಿಗೇ ಬಿಡಬಹುದಿತ್ತು. ನಕ್ಕುಬಿಡಬಹುದಿತ್ತು. ಎಷ್ಟೋ ದಿನದಿಂದ ಒಳಗೆ ಬೇಯುತ್ತಿದ್ದದ್ದು ನಾಲಿಗೆಗೆ ಬಂದುಬಿಟ್ಟಿತು.

"ಅಕ್ಕ, ನಿಜ ಹೇಳು. ರೋಗ ಕಾಣಬಾರದು ಅಂತ ಬೇಕಂತಲೇ ತೊಳೆದೆಯಾ?"

ಅಕ್ಕ ಬಹಳ ಮೆಲ್ಲಗೆ, "ಇಡ್ತೀನಿ ಕಣೇ. ಹಾಲು ಕರೀಬೇಕು" ಅಂದಳು.

ಬಾರ್ಬರಾಗೆ ಭಾಷೆ ಗೊತ್ತಿಲ್ಲದಿದ್ದರೂ ನನ್ನ ಮುಖ ಗೊತ್ತಾಯಿತು. ನಮ್ಮ ಕಡುಬಿನಂಥದ್ದೊಂದನ್ನು ತಟ್ಟೆಗೆ ಬಡಿಸಿ ಏನಾಯಿತು ಅಂದರು. ನಡೆದದ್ದು ಹೇಳಿದೆ. ನಮ್ಮ ಕಡೆ ಇನ್ನೊಬ್ಬರ ಮನೆಗೆ ಸೊಪ್ಪು ಕೊಡುವಾಗ ತೊಳೆದೇ ಕೊಡುವ ಹೆಂಗಸರಿದ್ದಾರೆ, ನಮ್ಮ ಅಕ್ಕ ಅವರಲ್ಲಿ ಮೊದಲನೆಯವಳು ಅಂತ ವಿವರಿಸಿದೆ.

"ಹಾಗಾದರೆ ನಿಮ್ಮ ಮನೆಯಲ್ಲಿ ತೊಳೆಯದೆ ಕೊಡುವುದು ಏನೂ ಇಲ್ಲವೇ?" ಅಂದರು. ತಮಾಷೆಗೆ ಅಂದದ್ದು.

ನಾನು ಕಡುಬು ಬಾಯಿಗಿಟ್ಟವಳು ಹಾಗೇ ಕೂತೆ. ಇದೆ. ದೇವರ ಹೂ. ಗಿಡದಿಂದ ಕಿತ್ತ ಹೂವನ್ನು ನೀರಿಗೆ ಅದ್ದಿದರೆ ಅದು ಪೂಜೆಗೆ ಬರುವುದಿಲ್ಲ ಅಂತ ಅಮ್ಮ ನಮ್ಮಿಬ್ಬರ ತಲೆಗೂ ಮೊಟಕಿ ಹೇಳಿಕೊಟ್ಟಿದ್ದಳು. ಆ ಬಿಳಿ ರೆಪ್ಪೆಯವನು ಅನುಮಾನಪಟ್ಟು ಎಲೆಗಳ ಜೊತೆ ಮೊಹರು ಒತ್ತಿದ ಪ್ರಸಾದ ಇನ್ನೂ ಪ್ರಯೋಗಾಲಯದ ಕಿಟಕಿಯ ಮೇಲಿತ್ತು.

ಮತ್ತೆ ಪ್ರಯೋಗಾಲಯ

ಸೋಮವಾರ ಬೆಳಿಗ್ಗೆ ಪೊಟ್ಟಣ ಬಿಚ್ಚಿದೆವು. ಹೂವೆಲ್ಲ ಉದುರಿ, ಕುಡಿಯಲ್ಲಿ ನಾಲ್ಕಾರು ಎಲೆ ಉಳಿದಿದ್ದವು. ಬಾರ್ಬರಾ ವಿಭೂತಿಯನ್ನು ಅಣಬೆ ಗುಡಿಸಿದ ಹಾಗೇ ಮೆಲ್ಲಗೆ ಗುಡಿಸಿದರು. ಎಲೆ ಮಗುಚಿದರೆ ಅಡಿಯಲ್ಲಿ ತೆಳ್ಳಗೆ ಬೂದುಬಣ್ಣದ ತುಪ್ಪಟ.

ಇದು ಅದೇ ಬದುವಿನದೇ ಅಂತ ಖಾತ್ರಿಯಾಗಬೇಕು ಅಂದರು. ಅಕ್ಕನಿಗೆ ಫೋನು ಮಾಡಿದೆ. "ಪ್ರಸಾದದ ತುಂಬೆ ಎಲ್ಲೀದು?" ಅಂದರೆ, "ಬದುವಿಂದು" ಅಂದಳು. ಅಷ್ಟೇ. ಊಟ ಆಯಿತಾ ಅಂತ ಅವಳು ನನ್ನನ್ನು ಕೇಳದೆ ಫೋನಿಟ್ಟದ್ದು ನನಗೆ ನೆನಪಿರುವ ಮಟ್ಟಿಗೆ ಆ ಎರಡು ದಿನ ಮಾತ್ರ.

ಎರಡು ಸೂಕ್ಷ್ಮದರ್ಶಕ ಅಕ್ಕಪಕ್ಕ. ಒಂದರಲ್ಲಿ ಈರಣ್ಣನ ಕಾಮಕಸ್ತೂರಿ, ಇನ್ನೊಂದರಲ್ಲಿ ಅಕ್ಕನ ತುಂಬೆ. ಬಾರ್ಬರಾ ನನ್ನನ್ನೇ ಕೂರಿಸಿದರು. ಮೊದಲು ಎರಡೂ ಒಂದೇ ಅನ್ನಿಸಿತು. ಇನ್ನೊಮ್ಮೆ ನೋಡಿ ಅಂದರು. ಕವಲಿನ ತುದಿ ನೋಡಿ. ಬೀಜಕದ ಆಕಾರ ನೋಡಿ, ಬಣ್ಣ ನೋಡಿ. ನೋಡುತ್ತ ನೋಡುತ್ತ ಕಣ್ಣು ಪಳಗಿತು. ಒಂದರ ತುದಿಗಳು ಉದ್ದ, ಒಳಕ್ಕೆ ಬಾಗಿದವು. ಇನ್ನೊಂದರವು ಗಿಡ್ಡ, ನೆಟ್ಟಗೆ. ಬೀಜಕಗಳು ಒಂದರಲ್ಲಿ ಗುಂಡಗೆ, ಇನ್ನೊಂದರಲ್ಲಿ ಹುಣಿಸೆಬೀಜದ ಹಾಗೆ ಒತ್ತಿದಂತೆ, ಬಣ್ಣವೂ ತೆಳು.

"ಬೇರೆ" ಅಂದೆ.

"ಬೇರೆ" ಅಂದರು. "ಈ ಜಾತಿಯ ಬೂಜುಗಳು ಬಹಳ ಮಡಿವಂತರು. ತಮ್ಮ ತಮ್ಮ ಗಿಡ ಬಿಟ್ಟು ಪಕ್ಕದ ಮನೆಯಲ್ಲಿ ಊಟ ಮಾಡುವುದು ಅಪರೂಪ. ನಿಮ್ಮ ತುಂಬೆಯ ಬೂಜಿನ ಹೆಸರು ಏನೆಂದು ನಾನು ಈಗಲೇ ಹೇಳಲಾರೆ, ಅದರ ವಂಶವಾಹಿ ನೋಡಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಆದರೆ ಕಾಮಕಸ್ತೂರಿಯನ್ನು ಹಾಳು ಮಾಡಿದ್ದು ಇದಲ್ಲ."

ನನಗೆ ಕಣ್ಣು ತುಂಬಿ ಬಂತು. ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿ ಕಣ್ಣು ಉರಿಯುತ್ತಿದೆ ಅಂತ ಸುಳ್ಳು ಹೇಳಿದೆ.

ಹಾಗಾದರೆ ಆ ರೋಗ ಎಲ್ಲಿಂದ ಬಂತು ಅಂದರೆ, ಬಾರ್ಬರಾ, "ಕಾಮಕಸ್ತೂರಿಯ ಬೂಜು ಬೀಜದ ಜೊತೆ ಊರೂರು ಸುತ್ತುತ್ತದೆ. ಆ ರೈತ ಬೀಜ ಎಲ್ಲಿ ಕೊಂಡ ಅಂತ ಕೇಳಿ" ಅಂದರು. ಹೊರಡುವ ದಿನ ಬಾಗಿಲವರೆಗೆ ಬಂದು, ಹೊಸ್ತಿಲು ದಾಟುವ ಮೊದಲೇ ಕೈ ಹಿಡಿದುಕೊಂಡು ಬೀಳ್ಕೊಟ್ಟರು.

ತೋವಿನಕೆರೆ, ಮತ್ತೆ

ಮಧುಗಿರಿ ತಲುಪಿದಾಗ ಮನೆಯವರು ನನ್ನ ಮುಖ ನೋಡಿ, ಏನಾಯಿತೆಂದು ಕೇಳಲು "ಏಮೈಂದೇ?" ಅಂದರು. ಅವರು ಪಾವಗಡದ ಕಡೆಯವರು, ಗಾಬರಿಯಾದರೆ ತೆಲುಗೇ ಬರುವುದು. ಆಮೇಲೆ ಹೇಳುತ್ತೇನೆ ಅಂದು ಚೀಲ ಇಳಿಸಿ, ಕೈಗೆ ಸಿಕ್ಕ ಬಸ್ಸು ಹತ್ತಿ ಕೊರಟಗೆರೆ ಕಡೆಗೆ ಹೊರಟೆ. ದಾರಿಯುದ್ದಕ್ಕೂ ಸುಟ್ಟು ಕರಕಲಾದ ಬದುವೇ ಕಣ್ಣ ಮುಂದೆ. ಈರಣ್ಣ ಇಷ್ಟು ದಿನ ಕಾದಿರುತ್ತಾನೆಯೇ? ದಾಯಾದಿ! ನಾನು ವಿಮಾನ ಹತ್ತಿದ ದಿನವೇ ಪಂಪು ಬೆನ್ನಿಗೆ ಹಾಕಿರುತ್ತಾನೆ.

ಬದು ಬೆಳ್ಳಗಿತ್ತು. ತುಂಬೆ ಹೂ ಬಿಟ್ಟಿತ್ತು, ಜೇನು ಮೊರೆಯುತ್ತಿತ್ತು. ಈರಣ್ಣ ತನ್ನ ಹೊಲದ ಕಡೆ ಟವಲು ಹಾಸಿ ಕೂತಿದ್ದ. ಅವನ ಕಾಮಕಸ್ತೂರಿ ಪೂರ್ತಿ ಹೋಗಿತ್ತು.

"ಹೊಡೆಯಲಿಲ್ವಾ ಈರಣ್ಣ?"

"ಏನ್ ಇಂಗಂತೀಯ? ಮಾತು ಕೊಟ್ಟಿದ್ನಲ್ಲಮ್ಮ. ಆಚೆ ವೊಲದೋರು ಪಂಪು ತಗಂಡು ಬಂದಿದ್ರು, ಬೈದು ಕಳಿಸ್ದೆ. ಅದ್ಸರಿ, ಏನಂದ್ರು ಅಲ್ಲಿ?"

ಅಕ್ಕ ಹುಲ್ಲಿನ ಹೊರೆ ಇಳಿಸಿ ಬಂದು ದೂರದಲ್ಲೇ ನಿಂತಳು. ನನ್ನನ್ನು ಬಾ ಅನ್ನಲಿಲ್ಲ. ಎಲ್ಲವನ್ನೂ ಇಬ್ಬರ ಮುಂದೆಯೇ ಹೇಳಿದೆ. ಫೋನಿನಲ್ಲಿದ್ದ ಎರಡು ಚಿತ್ರ ತೋರಿಸಿದೆ. ಬೂಜು ಬೇರೆ ಬೇರೆ, ತುಂಬೆಯ ತಪ್ಪೇನೂ ಇಲ್ಲ, ಕಾಮಕಸ್ತೂರಿಗೆ ಬಂದದ್ದು ಬೀಜದಿಂದ ಇರಬೇಕು ಅಂದೆ. ಈರಣ್ಣ ಚಿತ್ರಗಳನ್ನು ಹತ್ತಿರ ಹಿಡಿದ, ದೂರ ಹಿಡಿದ.

"ಬೀಜ ಈ ಸಲ ಸಂತ್ಯಾಗೆ ಬಿಡಿ ತಂದಿದ್ದೆ. ಅಗ್ಗ ಅಂತ" ಅಂದ. ಮತ್ತೆ ಚಿತ್ರಗಳನ್ನು ದಿಟ್ಟಿಸಿದ. ನನಗೆ ಹೆದರಿಕೆಯಾಯಿತು. ಅಕ್ಕನ ತಂಗಿ ಅಕ್ಕನ ಪರವಾಗಿ ಕಥೆ ಕಟ್ಟಿಕೊಂಡು ಬಂದಿದ್ದಾಳೆ ಅನ್ನುತ್ತಾನೆ ಅಂತ ಕಾದೆ. ನಂಬಿಸಬೇಕಲ್ಲ, ಒಂದನ್ನೂ ಮುಚ್ಚಿಡಬಾರದು ಅಂತ ಎಲೆ ತೊಳೆದ ಸಂಗತಿಯನ್ನೂ ಹೇಳಿಬಿಟ್ಟೆ. ಮೊದಲ ದಿನ ಏನೂ ಸಿಗದೆ ಅಲ್ಲಿಯವರಿಗೆ ಅನುಮಾನ ಬಂತು, ಪ್ರಸಾದದಿಂದ ಉಳಿಯಿತು ಅಂದೆ.

ಈರಣ್ಣ ನಗಲು ಶುರು ಮಾಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ.

"ತೊಳ್ದೇ ಇರ್ತಾಳಾ ಗಂಗಕ್ಕ? ನಮ್ಮನೆಗೆ ಒಂದಿಡಿ ದಂಟು ಕೊಟ್ರೂ ಬೇರು ಸಮೇತ ತೊಳ್ದು ಕೊಡೋಳು. ಮಾತು ಬಿಟ್ಟಿದ್ದಾಗ್ಲೂವೆ ಬೇಲಿ ಮ್ಯಾಲೆ ತೊಳ್ದೇ ಮಡಗೋಗಿದ್ಲು. ಇದ್ರಾಗೆ ಅನುಮಾನ ಪಡೋದು ಏನೈತೆ? ಪಾಪ, ಆ ಪರದೇಶದೋರಿಗೆ ಗೊತ್ತಾಗಿಲ್ಲ ಬುಡು."

ಪರದೇಶದವರಿಗೆ ಗೊತ್ತಾಗಲಿಲ್ಲ. ನಾನು ನೆಲ ನೋಡುತ್ತ ನಿಂತೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಫೋನಿನಲ್ಲಿ ನಾನು ಕೇಳಿದ ಮಾತನ್ನು ಅವಳು ಈರಣ್ಣನಿಗೆ ಹೇಳಲಿಲ್ಲ, ಆಗಲೂ ಇಲ್ಲ, ಆಮೇಲೂ ಇಲ್ಲ. "ಬಿಸ್ಲಾಗೆ ಯಾಕೆ ಕೂತಿದ್ದೀಯ ಈರಣ್ಣ, ಬಾ, ಮಜ್ಜಿಗೆ ಕುಡ್ದು ಓಗು" ಅಂತ ಅವನನ್ನು ಕರೆದಳು. ಅವನು ಟವಲು ಕೊಡವಿ ಬದು ದಾಟಿ ಬಂದ.

ಸಂಜೆ ಬಸ್ಸಿಗೆ ಹೊರಟಾಗ ಅಕ್ಕ ಹಿತ್ತಲಿಂದ ಹರಿವೆ ಸೊಪ್ಪು ಕಿತ್ತು ತಂದು, ಬಾಳೆನಾರಿನಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು. ಬೇರಿನ ತುಂಬ ಕೆಂಪು ಮಣ್ಣು.

"ತೊಳ್ದಿಲ್ಲ ಕಣೇ" ಅಂದಳು. "ಅಂಗೇ ಕಟ್ಟಿವ್ನಿ. ಏನೈತೋ ಏನಿಲ್ವೋ, ನೀನೇ ನೋಡ್ಕೋ."

ತಪ್ಪಾಯಿತು ಅಕ್ಕ ಅನ್ನಬೇಕೆಂದು ಬಾಯಿ ತೆರೆದೆ, ಬಸ್ಸು ಬಂತು, ಅವಳು ಆಗಲೇ ತಿರುಗಿ ನಡೆಯುತ್ತಿದ್ದಳು. ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಮಧುಗಿರಿ ಬರುವಷ್ಟರಲ್ಲಿ ಸೀರೆಯೆಲ್ಲ ಮಣ್ಣಾಗಿತ್ತು. ನಾನು ಹುಟ್ಟಿ ಇಷ್ಟು ವರ್ಷಕ್ಕೆ, ಅಕ್ಕ ನನಗೆ ತೊಳೆಯದ ಸೊಪ್ಪು ಕೊಟ್ಟದ್ದು ಅದೇ ಮೊದಲು.